ಮಂಡಿಯ ಕೆಳಗಿನ ದಿಂಬು

ಹುಣಸೂರಿನ ಆಸ್ಪತ್ರೆಯೊಂದರಲ್ಲಿ ಚೀಟಿ ಹಿಡಿದು ಕಾಯುತ್ತಿದ್ದ ಲಕ್ಷ್ಮಿದೇವಿಯ ಪಕ್ಕದಲ್ಲಿ ಒಬ್ಬಾಕೆ ದಿಂಬು ತಬ್ಬಿಕೊಂಡು ಕೂತಿದ್ದಳು. ಡಾಕ್ಟರ ಕೋಣೆಯಿಂದ ದಿಂಬಿನಾಕೆಯ ತಂಗಿ ವಾಕರ್ ಊರಿಕೊಂಡು ಬಂದಳು.

"ಏನಂದ್ರವ್ವ?"

"ಆಪ್ರೇಸನ್ ಮಾಡಿ ಹಾಕಿದ್ ಹೊಸ ಮಂಡಿ ಚೆನ್ನಾಗೈತಂತೆ ಕಣಕ್ಕ. ಕಾಲು ಮಾತ್ರ ಇನ್ನು ನೆಟ್ಟಗಾಗಕಿಲ್ವಂತೆ."

"ಯಾಕಂತೆ?"

"ದಿನಾ ಕಾಲೆತ್ತಿ ಇಳಿಸ್ಬೇಕಿತ್ತಂತೆ. ಮೂರು ತಿಂಗ್ಳು ದಿಂಬಿನ ಮ್ಯಾಲೆ ಮಡಚಿಟ್ಟಿದ್ಕೆ ಅಂಗೇ ಗಟ್ಟಿಯಾಗೋಯ್ತಂತೆ."

"ಬಾಣಂತಿ ನೋಡ್ಕಂಡಂಗೆ ನೋಡ್ಕಂಡ್ನಲ್ಲೇ. ನೆಲಕ್ಕೆ ಕಾಲಿಡಕ್ಕೂ ಬುಡ್ಲಿಲ್ಲ ನಾನು."

"ಊಂ."

"ಯಾರು ಮಲಗ್ಸಿದ್ದು ಅಂತ ಕೇಳಿದ್ರಾ?"

"ಕೇಳಿದ್ರು. ನಾನೇ ಸೋಮಾರಿ, ಮಾಡ್ಲಿಲ್ಲ ಅಂದೆ."

ಅಕ್ಕ ದಿಂಬನ್ನು ಪಕ್ಕಕ್ಕಿಟ್ಟು ಎದ್ದಳು. ಇಬ್ಬರೂ ಬಸ್ಸಿಗೆ ಹೊರಟರು. ದಿಂಬು ಬೆಂಚಿನ ಮೇಲೇ ಉಳಿಯಿತು. ಲಕ್ಷ್ಮಿದೇವಿ ಕೂಗಿ ಕರೆಯಲಿಲ್ಲ.