ಗುಬ್ಬೀ ಅಂತ ಕರೆದದ್ದು

ದೀಪ ಸಣ್ಣ ಮಾಡಿ, ಹೇಳ್ತೀನಿ. ಇದು ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಕಟ್ಟುಕತೆ ಅನ್ನೋರು ಈಗಲೇ ಎದ್ದು ಹೋಗಿ ಮಲಗಬಹುದು.

ಆವತ್ತು ಅಕ್ಕ ದೂರದ ಒಂದು ಹಳ್ಳಿಯಲ್ಲಿ, ಕತ್ತಲಲ್ಲಿ, ಬಾವಿ ಪಕ್ಕದ ದಾರೀಲಿ ಒಬ್ಬಳೇ ಬರ್ತಿದ್ದಳು. ಹೆದರಿಕೆ ಇರಲಿಲ್ಲ. ಹೊಟ್ಟೆಯೊಳಗೆ ಕಿಚ್ಚು ಹತ್ತಿ ಉರೀತಿದ್ದರೆ ಹೆದರಿಕೆಗೆ ಜಾಗ ಎಲ್ಲಿ?

ಆ ಹಳ್ಳಿಯಲ್ಲೇ ಅವಳ ಮೇಷ್ಟ್ರು ಕೊನೆಯ ದಿನಗಳನ್ನ ಕಳೆದದ್ದು. ದೊಡ್ಡ ಹೆಸರು ಮಾಡಿದ ಚಿತ್ರಕಾರರು. ಅವರ ಹತ್ತಿರ ಕಲಿತೇ ಅಕ್ಕ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆದಳು. ಜೊತೆಗೆ ಕಲಿತವಳು ಇನ್ನೊಬ್ಬಳಿದ್ದಳು, ಎಡಗೈಯಲ್ಲಿ ಬ್ರಶ್ ಹಿಡಿಯೋಳು. ಮೇಷ್ಟ್ರು ಅವಳನ್ನ ಪ್ರೀತಿಯಿಂದ 'ಗುಬ್ಬಿ' ಅಂತಿದ್ದರು. ಅಕ್ಕನಿಗೆ ಅಡ್ಡಹೆಸರೇ ಇಡಲಿಲ್ಲ. ಹಾಸಿಗೆ ಹಿಡಿದಾಗ ಹೇಳಿಕಳಿಸಿದ್ದೂ ಗುಬ್ಬಿಗೇ. ಅವರು ತೀರಿಕೊಂಡ ಮೇಲೆ ಗುಬ್ಬಿ ಅಲ್ಲೇ ಉಳಿದು, ಬಂದವರಿಗೆ ಮನೆ ತೋರಿಸ್ತಿದ್ದಳು.

ಆ ಸಂಜೆ ಅಕ್ಕನಿಗೂ ತೋರಿಸಿದಳು. ಮಂಚ. ಕಿಟಕಿ. ಕಿಟಕಿ ಪಕ್ಕ, ಅರ್ಧಕ್ಕೆ ನಿಂತ ಚಿತ್ರ. ಸ್ಟೂಲ್ ಮೇಲೆ ಕೂತ ಹೆಂಗಸು... ಮುಖ ಇನ್ನೂ ಬರೆದಿಲ್ಲ.

"ಯಾರೇ ಇದು?"

"ನಾನೇ ಕಣೇ. ಮುಗಿಸೋಕಾಗಲಿಲ್ಲ, ಪಾಪ."

"ನನ್ನನ್ನೇನಾದ್ರೂ ಕೇಳಿದ್ರಾ?"

ಗುಬ್ಬಿ ಕಿಟಕಿ ಪರದೆ ಸರಿಮಾಡಿದಳು. "ಕೊನೆಗೆ ಮಾತೇ ನಿಂತುಹೋಗಿತ್ತು ಅವರಿಗೆ."

ಕೇಳಿಲ್ಲ ಅನ್ನೋದು ಅಕ್ಕನಿಗೆ ಗೊತ್ತಾಯ್ತು. ಗುಬ್ಬಿ ಬೀಗ ಹಾಕಿ, "ಪಕ್ಕದಲ್ಲೇ ನನ್ನ ರೂಮಿದೆ, ಉಳ್ಕೊಳೇ," ಅಂದಳು. ಅಕ್ಕ ಒಲ್ಲೆ ಅಂದಳು. ಊರೆಲ್ಲಾ ಸುಮ್ಮನೆ ಸುತ್ತಿ, ಕತ್ತಲಾದ ಮೇಲೆ ಲಾಡ್ಜಿನ ಕಡೆ ಹೊರಟಳು. ದಾರಿ ಹೋಗಿದ್ದು ಅದೇ ಮನೆಯ ಹಿಂದೆ, ಬಾವಿ ಪಕ್ಕ.

ಟಿಣ್... ಟಿಣ್...

ನಿಂತಳು. ಬ್ರಶ್ ತೊಳೆದು ಗಾಜಿನ ಲೋಟದ ಅಂಚಿಗೆ ತಟ್ಟೋ ಸದ್ದು. ಆಮೇಲೆ ಸರ್ರ್... ಸರ್ರ್... ಒರಟು ಬಟ್ಟೆ ಮೇಲೆ ಬ್ರಶ್ ಎಳೆದ ಹಾಗೆ. ಮನೆಯೊಳಗೆ ದೀಪ ಇಲ್ಲ.

"ಗುಬ್ಬೀ..."

ಮೇಷ್ಟ್ರದೇ ಗಂಟಲು. ಅದೇ ಕೆಮ್ಮು.

ಕತ್ತಲಲ್ಲಿ ಕರೆದರೆ ಓಗೊಡಬಾರದು ಅಂತ ಮಕ್ಕಳಿಗೂ ಗೊತ್ತು. ಆದರೆ ಅಕ್ಕನಿಗೆ ಮೈ ಜುಮ್ಮೆನ್ನಲಿಲ್ಲ, ಮೈ ಉರೀತು. ಸತ್ತ ಮೇಲೂ ಇವರಿಗೆ ಅವಳೇ ಬೇಕಾ?

"ಗುಬ್ಬೀ... ಬಂದ್ಯಾ?"

"ಬಂದೆ, ಸಾರ್," ಅಂದುಬಿಟ್ಟಳು ಅಕ್ಕ.

ಬೀಗ ಹಾಕಿದ್ದ ಬಾಗಿಲು ಕೀಂಯ್ ಅಂತ ತೆರೆದುಕೊಳ್ತು. ಒಳಗೆ ಹೋದಳು. ಏನೂ ಕಾಣಲ್ಲ... ಬ್ರಶ್ ತೊಳೆಯೋ ಟರ್ಪಂಟೈನ್ ವಾಸನೆ ಮಾತ್ರ.

"ಕೂತ್ಕೋ. ಅಲ್ಲಾಡಬೇಡ."

ತಡಕಾಡಿ, ಕೈಗೆ ಸಿಕ್ಕ ಸ್ಟೂಲ್ ಮೇಲೆ ಕೂತಳು. ತಣ್ಣಗೆ ಏನೋ ಹಣೆಗೆ ತಾಗಿತು. ಮೆಲ್ಲಗೆ ಹುಬ್ಬು ಸವರಿತು... ಮೂಗು... ತುಟಿ... ಗಲ್ಲ. ಕಿರುಚಿ ಓಡಬೇಕಿತ್ತು. ಓಡಲಿಲ್ಲ. ಇನ್ನೂ ಸ್ವಲ್ಪ ಮುಖ ಎತ್ತಿ ಕೊಟ್ಟಳು. ಅಷ್ಟು ಖುಷಿ ಜನ್ಮದಲ್ಲಿ ಆಗಿರಲಿಲ್ಲ ಅಂತಾಳೆ ಇವತ್ತಿಗೂ.

ಬೆಳಿಗ್ಗೆ ಗುಬ್ಬಿ ಬಂದು ಭುಜ ಹಿಡಿದು ಅಲ್ಲಾಡಿಸಿದಾಗಲೇ ಎಚ್ಚರ. ಅಕ್ಕ ಸ್ಟೂಲ್ ಮೇಲೇ ಇದ್ದಳು. ಚಿತ್ರದಲ್ಲಿ ಮುಖ ಬಂದಿತ್ತು. ಅಕ್ಕನದೇ ಮುಖ. ಬಣ್ಣ ಇನ್ನೂ ಹಸಿ.

ಗುಬ್ಬಿಗೆ ಹೊಟ್ಟೆಕಿಚ್ಚಾಗಲಿ ಅಂತ ಕಾದಳು ಅಕ್ಕ. ಗುಬ್ಬಿ ಚಿತ್ರದ ಕಡೆ ಸರಿಯಾಗಿ ನೋಡಲೂ ಇಲ್ಲ.

"ಓಗೊಟ್ಯಾ?" ಪಿಸುಗುಟ್ಟಿದಳು.

"ಹೂಂ."

"ದಿನಾ ರಾತ್ರಿ ಕರೀತಿದ್ರು ಕಣೇ... ಕಿವಿಗೆ ಹತ್ತಿ ತುರುಕಿ ಮಲಗ್ತಿದ್ದೆ. ಬಿಟ್ಟು ಹೋಗೋಣ ಅಂದ್ರೆ ಕಾಲೇ ಏಳ್ತಿರಲಿಲ್ಲ."

ಮನೆ ಬೀಗದಕೈಯನ್ನ ಅಕ್ಕನ ಮಡಿಲಿಗೆ ಹಾಕಿದವಳೇ, ಚಪ್ಪಲಿ ಮೆಟ್ಟೋದನ್ನೂ ಮರೆತು ಮೊದಲ ಬಸ್ಸಿಗೆ ಓಡಿದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಕ್ಕ ಶಾಲೆ ಕೆಲಸ ಬಿಟ್ಟಳು. ಬಂದವರಿಗೆ ಈಗ ಅವಳೇ ಮನೆ ತೋರಿಸ್ತಾಳೆ. ಯಾರಾದರೂ, "ಗುಬ್ಬಿ ಅಂತ ಒಬ್ಬರಿದ್ದರಂತಲ್ಲ, ಯಾರು?" ಅಂದರೆ ಮುಖ ಬಿಗಿದುಕೊಂಡು, "ನಾನೇ," ಅಂತಾಳೆ.

ಹೋದ ಸಲ ಕರೆದುಕೊಂಡು ಬರೋಣ ಅಂತ ನಾನೇ ಹೋಗಿದ್ದೆ. ಬರಲ್ಲ ಅಂದಳು, ನಕ್ಕಳು, ಊಟ ಮಾಡಿಕೊಂಡು ಹೋಗು ಅಂದಳು. ಅಡುಗೆಮನೆ ಬಾಗಿಲಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ಹೆರೀತಿದ್ದಳು... ಎಡಗೈಯಲ್ಲಿ. ಸರಾಗವಾಗಿ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅವಳ ಬಲಗೈ ಏಟು ತಿಂದೇ ಬೆಳೆದವನು ನಾನು.