ಒಂದು ಮೈಕ್ರೋಸ್ಕೋಪಿಗೆ ಎಷ್ಟು ಜನ?

ವಿಶ್ವವಿದ್ಯಾಲಯದ ಲ್ಯಾಬ್ ಅಟೆಂಡರ್ ತನ್ನ ನೀಲಿ ಕೋಟನ್ನು ಚೀಲಕ್ಕೆ ತುರುಕಿ ಬಸ್ಸಿನ ಸಾಲಿನಲ್ಲಿ ನಿಂತಿದ್ದ. ಅವನ ಮುಂದೆ, ಅವತ್ತು ವಿಭಾಗಗಳನ್ನು ನೋಡಲು ಬಂದಿದ್ದ ಅಪ್ಪ, ಮಗಳು.

“ಆ ಸಿಡುಕು ಮೋರೆ ಅಟೆಂಡರ್ ಸಿಕ್ಕಿದ್ದು ಎಷ್ಟು ಒಳ್ಳೇದಾಯ್ತಪ್ಪಾ.”

“ನಾನು ಆ ಕಟ್ಟಡ ನೋಡ್ತಾ ಬಾಯಿ ಬಿಟ್ಕೊಂಡು ನಿಂತಿದ್ದೆ. ಏನಂದ್ರು?”

“‘ಗೋಡೆ ನೋಡಿದ್ದು ಸಾಕು. ಒಂದು ಮೈಕ್ರೋಸ್ಕೋಪಿಗೆ ಎಷ್ಟು ಜನ ಅಂತ ಇಲ್ಲಿ ಓದೋರನ್ನೇ ಕೇಳು’ ಅಂತ ಗದರಿದ್ರು.”

“ಕೇಳಿದ್ಯಾ?”

“ಹೂಂ. ಹೋದ ವಾರ ನೋಡಿದ ಕಡೆ ಹನ್ನೆರಡು ಜನಕ್ಕೆ ಒಂದು. ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು. ದಿನಾ ಅವನ್ನೆಲ್ಲ ಒರೆಸಿಡೋದೂ ಆ ಅಟೆಂಡರೇ ಅಂತೆ. ನಾನು ಇಲ್ಲೇ ಸೇರ್ತೀನಪ್ಪಾ.”

“ಅಯ್ಯೋ, ಅವರಿಗೊಂದು ಥ್ಯಾಂಕ್ಸ್ ಹೇಳದೆ ಬಂದ್ವಲ್ಲೇ!”

“ಸೇರಿದ ದಿನ ಮೊದಲು ಅವರಿಗೇ ಹೇಳ್ತೀನಿ.”

ಬಸ್ಸು ಬಂತು. ಇಬ್ಬರೂ ಹತ್ತಿದರು. ಅಟೆಂಡರ್ ಹೋಗಬೇಕಾದದ್ದೂ ಅದೇ ಬಸ್ಸು. ಆದರೆ ಅವರಿಗೆ ತೋರಿಸಲು ಆ ಸಿಡುಕು ಮೋರೆ ಆಗ ಅವನ ಹತ್ತಿರ ಇರಲಿಲ್ಲ. ಮುಂದಿನ ಬಸ್ಸಿಗೆಂದು ನಿಂತ.