ದೊಡ್ಡ ನಾದಸ್ವರ

ತೊಂಬತ್ತಾರರ ಒಂದು ಬೆಳಿಗ್ಗೆ, ಬನಶಂಕರಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಮದುವೆಗೆ ನಾದಸ್ವರ ನುಡಿಸಲು ಹೊರಟ ಮಾವ, ಅಳಿಯ ಕುಳಿತಿದ್ದರು. ಮಾವನ ತೊಡೆಯ ಮೇಲೆ ಎರಡು ಚೀಲ, ಒಂದು ಉದ್ದ, ಒಂದು ಗಿಡ್ಡ.

“ಮಾವ, ನಾನು ಸಣ್ಣದೇ ಊದ್ತೀನಿ. ಕೈ ಕೂತಿರೋದು ಅದ್ರಲ್ಲೇ.”

“ಸಣ್ಣದು ಮೆರವಣಿಗೆಗೆ, ಚಲಪತಿ. ಬೀದಿ ಕೊನೇವರೆಗೂ ಕೇಳುತ್ತೆ. ಹುಡುಗಿ ತಾತ ದೊಡ್ಡದರ ತಗ್ಗು ದನಿನೇ ಬೇಕು ಅಂದಿದ್ದಾರೆ.”

“ಅದ್ರಲ್ಲಿ ತೂತು ದೂರ ದೂರ. ಬೆರಳು ಎಟುಕಲ್ಲ.”

“ಎಟುಕುತ್ತೆ. ಉಸಿರು ನೋಡ್ಕೊ, ಎರಡರಷ್ಟು ಬೇಕು.”

“ನೀವೇ ಊದಬಹುದಿತ್ತು.”

“ಹೊಟ್ಟೆ ಆಪರೇಷನ್ ಆಗಿ ಎರಡು ತಿಂಗಳಾಗಿಲ್ಲ. ಸಣ್ಣದು ಮುಟ್ಟಿದ್ರೇ ಡಾಕ್ಟ್ರು ಬೈತಾರೆ.”

ಅಳಿಯ ಮುಂದಿನ ಕಂಬಿಯ ಮೇಲೆ ಬೆರಳುಗಳನ್ನು ಅಗಲಿಸಿ ನೋಡಿಕೊಂಡ.

“ತಾಳಿ ಕಟ್ಟೋವಾಗ ಉಸಿರು ಸಾಲದೆ ಗಟ್ಟಿಮೇಳ ನಿಂತುಹೋದ್ರೆ? ಆಗಲೇ ಯಾರಾದ್ರೂ ಸೀನಿದ್ದು ಎಲ್ಲರಿಗೂ ಕೇಳಿಸಿಬಿಟ್ರೆ?”

“ಪಕ್ಕದಲ್ಲಿ ಸಣ್ಣದು ಹಿಡ್ಕೊಂಡು ನಾನಿರ್ತೀನಲ್ಲ.”

“ಅದರ ಶ್ರುತಿನೇ ಬೇರೆ. ಮಧ್ಯದಲ್ಲಿ ಎತ್ಕೊಂಡ್ರೆ ಅಪಸ್ವರ ಆಗಲ್ವಾ?”

“ಆಗುತ್ತೆ.”

ತ್ಯಾಗರಾಜನಗರದ ಸ್ಟಾಪು ಬಂತು. ಮಾವ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಎದ್ದು, ಉದ್ದನೆಯ ಚೀಲವನ್ನು ಅಳಿಯನ ಕೈಗಿಟ್ಟರು.

“ಅದಕ್ಕೇ ನೀನು ನಿಲ್ಲಿಸಬಾರದು,” ಎಂದು ಮುಂದಾಗಿ ಇಳಿದರು.